ರಜೆ ಕೇಳಲಿಕ್ಕೆ ನಾಚಿಕೆ ಎಂತಕ್ಕೆ?

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಕೊಟ್ಟ ವಿಷಯ ‘ಯುವಜನರು ಮತ್ತು ದುಡಿಮೆ’ ಅಂತ. ಅದು ದೊಡ್ಡ ವಿಷಯ. ನನಗೆ ಗೊತ್ತಿರುವ ದುಡಿಮೆ ಒಂದೇ, ಪಾರ್ಸೆಲ್ ಹಂಚುವುದು. ಆರು ವರ್ಷದಿಂದ ಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಕುಂಬಳೆ, ನಾಯ್ಕಾಪು, ಅನಂತಪುರ, ಸೀತಾಂಗೋಳಿ, ಪುತ್ತಿಗೆ ಅಂತ ತಿರುಗುತ್ತಾ ಇದ್ದೇನೆ. ಇಲ್ಲಿ ಕೂತವರಲ್ಲಿ ಎಷ್ಟು ಜನರ ಮನೆಗೆ ಚಪ್ಪಲಿ, ಮಿಕ್ಸಿ, ಮೊಬೈಲ್ ಕವರು ತಂದುಕೊಟ್ಟಿದ್ದೇನೋ ಲೆಕ್ಕ ಇಲ್ಲ. ಯಾರ ಮನೆಗೆ ಎಂತ ಬಂತು ಅಂತ ಹೇಳುವುದಿಲ್ಲ, ಹೆದರಬೇಡಿ.

ಇಂಥ ಸಭೆಗಳಲ್ಲಿ ಕುದ್ಮುಲ್ ರಂಗರಾಯರ ಹೆಸರು ಬಾರದೆ ಇರುವುದಿಲ್ಲ. ನಮ್ಮ ಕಾಸರಗೋಡಿನಲ್ಲೇ 1859ರಲ್ಲಿ ಹುಟ್ಟಿ, ಮಂಗಳೂರಿನಲ್ಲಿ ನಮ್ಮವರ ಮಕ್ಕಳಿಗೆ ಶಾಲೆ ತೆರೆದವರು. ಈ ಮಕ್ಕಳು ಓದಿ ಕಾರಿನಲ್ಲಿ ಕೂತು ರಸ್ತೆಯಲ್ಲಿ ಹೋಗಬೇಕು, ಆ ಧೂಳು ನನ್ನ ತಲೆಗೆ ಬೀಳಬೇಕು ಅಂತ ಆಸೆಪಟ್ಟವರು. ತಿರುವಾಂಕೂರಿನಲ್ಲಿ ಅಯ್ಯಂಕಾಳಿಯವರು 1893ರಲ್ಲಿ ವಿಲ್ಲುವಂಡಿ ಅಂತ ಹೇಳುವ ಎತ್ತಿನ ಗಾಡಿ ಏರಿ, ನಮ್ಮವರಿಗೆ ಬಿಡದ ರಸ್ತೆಯಲ್ಲೇ ಓಡಿಸಿದರು. ಈಗ ನೋಡಿ, ನಮ್ಮ ಹುಡುಗರು ಬೆಳಿಗ್ಗೆಯಿಂದ ರಾತ್ರಿಯವರೆಗೆ ರಸ್ತೆಯಲ್ಲೇ ಇದ್ದಾರೆ. ಯಾರೂ ತಡೆಯುವುದಿಲ್ಲ. ಆದರೆ ಇಳಿದು ಅರ್ಧ ಗಂಟೆ ಕೂರಲಿಕ್ಕೆ ಪುರುಸೊತ್ತಿಲ್ಲ. ಧೂಳು ಬೀಳುವುದು ಕೂಡ ನಮ್ಮ ತಲೆಗೇ.

ಹೊರಗಿನವರಿಗೆ ಇದು ಆರಾಮದ ಕೆಲಸ ಅಂತ ಕಾಣುತ್ತದೆ. ಬೈಕ್ ಉಂಟು, ಮೊಬೈಲ್ ಉಂಟು, ಮೇಲೆ ನಿಂತು ಬಯ್ಯುವ ಯಜಮಾನ ಇಲ್ಲ. ಹೌದು, ಯಜಮಾನ ಕಾಣುವುದಿಲ್ಲ. ಆ್ಯಪ್ ಕಾಣುತ್ತದೆ. ಏಳು ಗಂಟೆಗೆ ಹಬ್ಬಿಗೆ ಹೋದರೆ ನಮ್ಮ ನಮ್ಮ ರೂಟಿನ ಪಾರ್ಸೆಲ್ ಆರಿಸಿ ಸ್ಕ್ಯಾನ್ ಮಾಡಿಕೊಳ್ಳಬೇಕು. ಸ್ಕ್ಯಾನ್ ಆದ ಕ್ಷಣದಿಂದ ಅದು ನಮ್ಮ ತಲೆ ಮೇಲೆ. ಒಡೆದರೆ, ಒದ್ದೆಯಾದರೆ, ಕ್ಯಾಶ್ ನೂರು ರೂಪಾಯಿ ಕಮ್ಮಿ ಬಂದರೆ ನಮ್ಮ ಲೆಕ್ಕದಿಂದಲೇ ಹಿಡಿಯುತ್ತಾರೆ. ಮನೆಯಲ್ಲಿ ಜನ ಇಲ್ಲದೆ ವಾಪಸ್ ತಂದರೆ ಆ ಓಡಾಟಕ್ಕೆ ದುಡ್ಡಿಲ್ಲ, ಪೆಟ್ರೋಲು ನಮ್ಮದು. ಮಂಗಳೂರಿಗೆ ಹೋಗಿ ಊಟ ಹಂಚುವ ಹುಡುಗರದ್ದು ಇನ್ನೊಂದು ನಮೂನೆ. ಅವರು ರಾತ್ರಿ ಊಟದ ಹೊತ್ತಿಗೆ, ಶನಿವಾರ, ಭಾನುವಾರ, ಹಬ್ಬದ ದಿನ ಇರಲೇಬೇಕು. ಒಂದು ದಿನ ತಪ್ಪಿದರೆ ಆ ವಾರದ ಇನ್ಸೆಂಟಿವ್ ಹೋಯಿತು. ರಜೆ ಹಾಕಬೇಡ ಅಂತ ಯಾರೂ ಹೇಳುವುದಿಲ್ಲ. ಹಾಕಿದವನ ಹೊಟ್ಟೆಗೆ ಹೊಡೆಯುತ್ತಾರೆ, ಅಷ್ಟೆ.

ಹೋದ ವರ್ಷ ಆಟಿ ತಿಂಗಳಲ್ಲಿ ನಡೆದದ್ದು ಹೇಳುತ್ತೇನೆ. ಆ ಹುಡುಗ ಈ ಸಭೆಯಲ್ಲೇ ಕೂತಿದ್ದಾನೆ, ಹೆಸರು ಹೇಳಬೇಡಿ ಅಣ್ಣ ಅಂದಿದ್ದಾನೆ. ಅವನಿಗೆ ಮೂರು ದಿನದಿಂದ ಜ್ವರ. ರಜೆ ಹಾಕಿದರೆ ರೂಟ್ ಬೇರೆಯವರಿಗೆ ಕೊಡುತ್ತಾರೆ ಅಂತ ಹೆದರಿಕೆ. ಮಾತ್ರೆ ನುಂಗಿ ಬಂದ. ಹಬ್ಬಿನ ಬಾಗಿಲಲ್ಲಿ ನನ್ನ ಹತ್ತಿರ ಬಂದು, “ಅಣ್ಣಾ, ಒಂದು ಇಪ್ಪತ್ತು ಪಾರ್ಸೆಲ್ ನೀವು ತಗೊಳ್ತೀರಾ?” ಅಂತ ಕೇಳಿದ. ನಾನು, “ನನ್ನದೇ ತುಂಬಿ ಹೋಗಿದೆ ಮಾರಾಯ” ಅಂದೆ. ಸುಳ್ಳಲ್ಲ, ಚೀಲ ತುಂಬಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಮಳೆಗೆ ಕೆಂಪು ಕೆಸರು ಬಂದು ಬಿದ್ದಿದ್ದ ಇಳಿಜಾರಿನಲ್ಲಿ ಅವನ ಬೈಕ್ ಜಾರಿತು. ಕಾಲಿನ ಎಲುಬು ಮುರಿಯಿತು. ಎರಡು ತಿಂಗಳು ಮನೆಯಲ್ಲಿ. ಅವನ ಹೆಂಡತಿಯ ಬಳೆ ಬ್ಯಾಂಕಿಗೆ ಹೋಯಿತು. ಒದ್ದೆಯಾದ ಪಾರ್ಸೆಲುಗಳ ದುಡ್ಡೂ ಅವನ ಲೆಕ್ಕಕ್ಕೇ ಬಂತು.

ಆ ದಿನ ನನ್ನ ಚೀಲ ನಾಲ್ಕು ಗಂಟೆಗೇ ಖಾಲಿ ಆಗಿತ್ತು. ಆಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಚಾ ಕುಡಿಯುತ್ತಾ ಕೂತಿದ್ದೆ. ಫೋನ್ ಬಂದದ್ದು ಅಲ್ಲಿಗೆ. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ಅವನಿಗೂ ಹೇಳಿರಲಿಲ್ಲ. ಈಗ ಮೈಕಿನಲ್ಲಿ ಹೇಳಿ ಆಯಿತು.

ಅವನಿಗೆ ರಜೆ ಕೇಳಲಿಕ್ಕೆ ನಾಚಿಕೆ ಯಾಕೆ ಬಂತು? ನನಗೆ ಇಲ್ಲ ಅನ್ನಲಿಕ್ಕೆ ಅಷ್ಟು ಸುಲಭ ಯಾಕಾಯಿತು? ನಾನು ತುಂಬ ಯೋಚನೆ ಮಾಡಿದ್ದೇನೆ. ನಮ್ಮ ಅಜ್ಜಂದಿರು ಮೂಲದಾಳುಗಳು. ಒಂದು ಮನೆಗೆ, ಒಂದು ಗದ್ದೆಗೆ ಕಟ್ಟಿಹಾಕಿದ ಆಳುಗಳು. ಅವರಿಗೆ ರಜೆ ಅನ್ನುವ ಮಾತೇ ಇರಲಿಲ್ಲ, ಧಣಿ ಬಿಟ್ಟ ದಿನ ಬಿಡುವು. ಬೇಸಾಯಗಾರರಲ್ಲಿ ಮುಯ್ಯಾಳು ಅಂತ ಉಂಟಲ್ಲ, ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು? ಅದು ಗದ್ದೆ ಇದ್ದವರ ನಡುವಿನ ಮಾತು. 1970ರ ಜನವರಿ 1ಕ್ಕೆ ಭೂಸುಧಾರಣೆ ಜಾರಿಗೆ ಬಂದಾಗ ಉಳುವವರಿಗೆ ಗದ್ದೆ ಆಯಿತು, ಗುಡಿಸಲಲ್ಲಿದ್ದ ನಮ್ಮವರಿಗೆ ಸಿಕ್ಕಿದ್ದು ಕುಡಿಕಿಡಪ್ಪಿನ 10 ಸೆಂಟ್ಸು. ಅದೂ ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಆದರೆ ಮುಯ್ಯಿ ಮಾಡುವಷ್ಟು ನಮ್ಮದು ಅಂತ ಒಂದು ಕೆಲಸ ನಮ್ಮ ಕೈಯಲ್ಲಿ ಇರಲೇ ಇಲ್ಲ. ಈಗ ಉಂಟು. ಆ ರೂಟುಗಳು ನಮ್ಮ ಗದ್ದೆ ಅಂತ ಇಟ್ಟುಕೊಳ್ಳಿ.

ಬಾಬಾಸಾಹೇಬರನ್ನು ನಾವು ಸಂವಿಧಾನಕ್ಕೆ ಮಾತ್ರ ನೆನೆಯುತ್ತೇವೆ. ಅವರು 1936ರಲ್ಲಿ ಕಟ್ಟಿದ ಪಕ್ಷದ ಹೆಸರೇ ಸ್ವತಂತ್ರ ಕಾರ್ಮಿಕ ಪಕ್ಷ. 1938ರ ನವೆಂಬರ್ 7ರಂದು ಮುಷ್ಕರದ ಹಕ್ಕನ್ನು ಕಟ್ಟಿಹಾಕುವ ಮಸೂದೆಯ ವಿರುದ್ಧ ಮುಂಬಯಿಯಲ್ಲಿ ಒಂದು ದಿನದ ಮುಷ್ಕರ ಮಾಡಿಸಿದರು. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರ ಕೈಯಲ್ಲಿತ್ತು. ಕಾರ್ಖಾನೆ ಕೆಲಸಗಾರರಿಗೆ ಸಂಬಳ ಸಹಿತ ರಜೆ ಕೊಡುವ ತಿದ್ದುಪಡಿ 1945ರಲ್ಲಿ, ವಾರದ 54 ಗಂಟೆಯನ್ನು 48ಕ್ಕೆ ಇಳಿಸಿದ್ದು 1946ರಲ್ಲಿ. ಎರಡೂ ಅವರ ಕಾಲದ್ದು. ಅವರ ಫೋಟೋಕ್ಕೆ ಹಾರ ಹಾಕಿದ ನಾವು ರಜೆ ಕೇಳಲಿಕ್ಕೆ ನಾಚುವುದು ಎಂತಕ್ಕೆ? ಬಸ್ಸು, ಲಾರಿ ಡ್ರೈವರುಗಳಿಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾನೂನಿನಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48, ಒಂದು ದಿನ ವಿಶ್ರಾಂತಿ ಅಂತ ಬರೆದಿತ್ತು. ನಾವೂ ಗಾಡಿ ಓಡಿಸುವವರೇ. ಆದರೆ ನಮ್ಮನ್ನು ಕಾರ್ಮಿಕರು ಅನ್ನುವುದಿಲ್ಲ, ‘ಪಾರ್ಟ್‌ನರ್’ ಅನ್ನುತ್ತಾರೆ. ಲಾಭದಲ್ಲಿ ಪಾಲು ಕೊಡದ ಪಾರ್ಟ್‌ನರ್‌ಶಿಪ್ಪನ್ನು ನಾನು ಇಲ್ಲಿ ಮಾತ್ರ ನೋಡಿದ್ದು.

ಜಾತಿಯ ಸಂಗತಿಯೂ ಉಂಟು, ಬಿಟ್ಟು ಹೋಗಲಿಕ್ಕಾಗುವುದಿಲ್ಲ. ಆ ಕಾಲದ ಮುಂಬಯಿ ಮಿಲ್ಲುಗಳಲ್ಲಿ ನೇಯ್ಗೆ ವಿಭಾಗಕ್ಕೆ ನಮ್ಮವರನ್ನು ಸೇರಿಸುತ್ತಿರಲಿಲ್ಲ, ನೂಲನ್ನು ಬಾಯಿಂದ ಎಳೆಯಬೇಕಿತ್ತು, ಎಂಜಲಾಗುತ್ತದೆ ಅಂತ. 2024ರ ಮಾರ್ಚ್‌ನಲ್ಲಿ ಜೊಮ್ಯಾಟೊ ಕಂಪೆನಿಯವರು ಸಸ್ಯಾಹಾರಕ್ಕೇ ಬೇರೆ ಹುಡುಗರು, ಅವರಿಗೆ ಹಸಿರು ಅಂಗಿ ಅಂತ ಹೊರಡಿಸಿದರು. ಗಲಾಟೆ ಆಗಿ ಒಂದೇ ದಿನಕ್ಕೆ ಹಸಿರು ಅಂಗಿ ಹಿಂದೆ ಹೋಯಿತು. ಕೆಂಪು ಅಂಗಿಯವನನ್ನು ಯಾವ ಫ್ಲಾಟಿನ ಗೇಟಿನಲ್ಲಿ ನಿಲ್ಲಿಸುತ್ತಿದ್ದರು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ವಿಳಾಸದ ಕಥೆಯೂ ಅದೇ. ಅನಂತಪುರದ ಕೆರೆ ದೇವಸ್ಥಾನಕ್ಕೆ ಮ್ಯಾಪ್ ಕರೆಕ್ಟಾಗಿ ತೋರಿಸುತ್ತದೆ. ಬಬಿಯಾ ಮೊಸಳೆ 2022ರಲ್ಲಿ ಸತ್ತಾಗ ಎಲ್ಲೆಲ್ಲಿಂದಲೋ ಜನ ದಾರಿ ಕೇಳದೆ ಬಂದರು. ಅದೇ ನಮ್ಮ ಕಡೆಗೆ ಹೊರಗಿನ ಡೆಲಿವರಿಯವನು ಬಂದರೆ, ಲೇಬಲಿನಲ್ಲಿ ‘ಕಾಲೊನಿ’ ಅಂತ ನೋಡಿ ಮೇಲಿನ ಅಂಗಡಿಯಲ್ಲಿ ಇಟ್ಟು ಫೋನ್ ಮಾಡುತ್ತಾನೆ. ಈ ಹೆಸರು ಬೇಡ, ನಗರ, ಉನ್ನತಿ, ಪ್ರಕೃತಿ ಅಂತ ಏನಾದರೂ ಇಡಿ ಅಂತ 2024ರ ಜೂನ್‌ನಲ್ಲಿ ಕೆ. ರಾಧಾಕೃಷ್ಣನ್ ಮಂತ್ರಿಸ್ಥಾನ ಬಿಡುವ ಮೊದಲು ಆದೇಶ ಮಾಡಿ ಹೋದರು. ಬೋರ್ಡು ಬದಲಾದರೆ ಸಾಲದು, ನೀವು ಆರ್ಡರ್ ಮಾಡುವಾಗ ವಿಳಾಸದಲ್ಲಿ ಹೊಸ ಹೆಸರೇ ಹಾಕಿ. ಇದು ಡೆಲಿವರಿಯವನಾಗಿ ನನ್ನ ಬೇಡಿಕೆ. ಇನ್ನೊಂದು: ಕ್ಯಾಶ್ ಆನ್ ಡೆಲಿವರಿ ಮಾಡಿದ್ದರೆ ಚಿಲ್ಲರೆ ತೆಗೆದಿಡಿ, ಫೋನ್ ಎತ್ತಿ. ಎಷ್ಟೋ ಭಾರ ಅಲ್ಲಿಗೇ ಇಳಿಯುತ್ತದೆ.

ಇನ್ನು ಸರಕಾರದ ಬಗ್ಗೆ. ನೀತಿ ಆಯೋಗದ 2022ರ ವರದಿ ಪ್ರಕಾರ 2020–21ರಲ್ಲೇ ದೇಶದಲ್ಲಿ ಇಂಥ ಕೆಲಸದವರು 77 ಲಕ್ಷ. ಸಾಮಾಜಿಕ ಭದ್ರತೆಯ ಸಂಹಿತೆ 2020ರಲ್ಲಿ ಪಾಸಾಗಿ, 2025ರ ನವೆಂಬರ್ 21ಕ್ಕೆ ಜಾರಿಗೆ ಬಂತು. ಆ್ಯಪಿನ ಕಂಪೆನಿಗಳು ವಹಿವಾಟಿನ 1ರಿಂದ 2 ಶೇಕಡಾ ನಮ್ಮ ಭದ್ರತೆಯ ನಿಧಿಗೆ ಕಟ್ಟಬೇಕು ಅಂತ ಅದರಲ್ಲಿ ಉಂಟು. ಅಪಘಾತ, ಆರೋಗ್ಯ, ಮುಪ್ಪು ಎಲ್ಲ ಬರೆದಿದ್ದಾರೆ. ವಾರದ ರಜೆಯ ಬಗ್ಗೆ ನಮಗೆ ಅದರಲ್ಲಿ ಒಂದಕ್ಷರ ಇಲ್ಲ. ಕರ್ನಾಟಕದಲ್ಲಿ 2025ರಲ್ಲಿ ಪ್ರತ್ಯೇಕ ಕಾನೂನೇ ಆಯಿತು, 14 ದಿನದ ನೋಟಿಸ್ ಕೊಡದೆ, ಕಾರಣ ಬರೆದು ಕೊಡದೆ ಕೆಲಸದಿಂದ ತೆಗೆಯುವ ಹಾಗಿಲ್ಲ. ಮಂಗಳೂರಿಗೆ ಹೋಗುವ ಹುಡುಗರು ಇದನ್ನು ಓದಿಕೊಳ್ಳಿ, ಐಡಿ ಬ್ಲಾಕ್ ಆದ ದಿನ ಅಳುತ್ತಾ ಕೂರಬೇಡಿ. ಈ ಕಡೆ ಇರುವವರು ನಾಳೆಯೇ ಅಕ್ಷಯ ಕೇಂದ್ರಕ್ಕೆ ಹೋಗಿ ಇ–ಶ್ರಮ್‌ನಲ್ಲಿ ಹೆಸರು ಹಾಕಿಸಿ. ಆಧಾರ್, ಅದಕ್ಕೆ ಜೋಡಿಸಿದ ಫೋನು, ಬ್ಯಾಂಕ್ ಪಾಸ್‌ಬುಕ್ ಸಾಕು. ಹೆಸರೇ ಇಲ್ಲದವನಿಗೆ ನಿಧಿಯಿಂದ ಯಾರು ಕೊಡುತ್ತಾರೆ?

ಅದೆಲ್ಲ ಬರುವಾಗ ಬರಲಿ. ಅಯ್ಯಂಕಾಳಿಯವರ ಚರಿತ್ರೆಯಲ್ಲಿ ಒಂದು ಸಂಗತಿ ಹೇಳುತ್ತಾರೆ. ನಮ್ಮ ಮಕ್ಕಳಿಗೆ ಶಾಲೆ ಇಲ್ಲದಿದ್ದರೆ ನಿಮ್ಮ ಗದ್ದೆಗೆ ನಾವಿಲ್ಲ ಅಂತ ಕೃಷಿ ಕೂಲಿಯವರು ಮುಷ್ಕರ ಹೂಡಿದಾಗ ಉಪವಾಸ ಬಂತು. ಆಗ ಕಡಲಿಗೆ ಹೋಗುವ ಮೀನುಗಾರರು ಅವರನ್ನೂ ದೋಣಿಗೆ ಹತ್ತಿಸಿಕೊಂಡು ಹಿಡಿದ ಮೀನಿನಲ್ಲಿ ಪಾಲು ಕೊಟ್ಟರಂತೆ. ಮುಷ್ಕರ ನಿಂತದ್ದು ಆ ದೋಣಿಯ ಬಲದಿಂದ.

ನಮ್ಮ ಸಂಘದಲ್ಲಿ ಪಾರ್ಸೆಲ್, ಊಟ, ಗ್ಯಾಸ್, ಬೇಕರಿ ಲೈನು ಎಲ್ಲ ಸೇರಿ ಹನ್ನೊಂದು ಜನ ಇದ್ದೇವೆ. ಕಳೆದ ತಿಂಗಳು ಕೂತು ಮಾತಾಡಿದೆವು. ಪ್ರತಿಯೊಬ್ಬರಿಗೂ ವಾರದಲ್ಲಿ ಒಂದು ದಿನ, ಸರದಿ ಪ್ರಕಾರ. ಆ ದಿನ ಒಂದೇ ಹಬ್ಬಿನವರು ಅವನ ರೂಟು ಹಂಚಿಕೊಳ್ಳುವುದು, ಹಬ್ಬಿಗೆ ಹೇಳಿಯೇ, ನಮ್ಮ ನಮ್ಮ ಐಡಿಯಲ್ಲೇ ಸ್ಕ್ಯಾನ್ ಮಾಡಿ. ಒಬ್ಬನ ಐಡಿಯಲ್ಲಿ ಇನ್ನೊಬ್ಬ ಓಡಿಸುವುದು ಬೇಡವೇ ಬೇಡ. ಬಿದ್ದರೆ ಇನ್ಶೂರೆನ್ಸ್ ಇಬ್ಬರಿಗೂ ಇಲ್ಲ, ಕ್ಯಾಶ್ ತಪ್ಪಿದರೆ ಸ್ನೇಹವೂ ಇಲ್ಲ. ಜ್ವರ ಬಂದವನು ಹಿಂದಿನ ರಾತ್ರಿಯೇ ಗ್ರೂಪಿನಲ್ಲಿ ಹಾಕಬೇಕು, ಬೆಳಿಗ್ಗೆ ಹಬ್ಬಿನ ಬಾಗಿಲಲ್ಲಿ ಬೇಡುವ ಹಾಗೆ ಆಗಬಾರದು. ಮತ್ತೆ, ವಾರಕ್ಕೆ ಐವತ್ತು ರೂಪಾಯಿ ತೆಗೆದಿಡುವುದು. ಇದು ಕುರಿ ಅಲ್ಲ, ಚೀಟಿ ಎತ್ತಲಿಕ್ಕಿಲ್ಲ. ಬಿದ್ದವನ ಮನೆಗೆ ಅಕ್ಕಿ, ಮದ್ದು, ಬೈಕಿನ ಕಂತು. ಲೆಕ್ಕ ಬರೆಯುವುದು ನಮ್ಮ ತಂಗಿಯಂದಿರು, ಯಾಕೆಂದರೆ ಹುಡುಗರ ಲೆಕ್ಕದ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ಹನ್ನೊಂದು ಜನದಲ್ಲಿ ಏಳು ಜನ ಒಪ್ಪಿದ್ದಾರೆ. ಉಳಿದವರು ನೋಡುವ ಅಂದಿದ್ದಾರೆ. ಅವರಿಗೆ ಸಾಲ ಉಂಟು, ಒಂದು ದಿನದ ದುಡಿಮೆ ಬಿಡುವುದು ಕಷ್ಟ, ನನಗೆ ಗೊತ್ತು. ಅವರನ್ನು ಹೇಡಿಗಳು ಅಂತ ಯಾರೂ ಹೇಳಬೇಡಿ. ಅವರಿಗೆ ಜ್ವರ ಬಂದರೂ ರೂಟು ನಾವೇ ತಗೊಳ್ಳುವುದು.

ಮೊದಲ ರಜೆ ಯಾರದ್ದು ಅಂತ ಚೀಟಿ ಹಾಕಿದಾಗ ಬಂದದ್ದು ಕಾಲು ಮುರಿದುಕೊಂಡ ಅದೇ ಹುಡುಗನ ಹೆಸರು. ಬುಧವಾರ. ಅವನ ಪಾಲಿನ ಇಪ್ಪತ್ತು ಪಾರ್ಸೆಲ್ ನಾನು ತಗೊಳ್ಳುತ್ತೇನೆ. ಪುಸ್ತಕ ಕಾರ್ಯದರ್ಶಿಯವರ ಹತ್ತಿರ ಉಂಟು, ಕಾರ್ಯಕ್ರಮ ಮುಗಿದ ಮೇಲೆ ಹೆಸರು ಬರೆಸಬಹುದು. ಮಕ್ಕಳು ಆಗಿನಿಂದ ಬಣ್ಣ ಹಚ್ಚಿಕೊಂಡು ಕಾಯುತ್ತಾ ಇದ್ದಾರೆ, ನಾನು ಇಳಿಯುತ್ತೇನೆ. ಜೈ ಭೀಮ್.