ಸೇವೆಯ ಸರದಿ



ಸೇವೆ ಎಂಬ ಮಾತು ನಮ್ಮಲ್ಲಿ ಬಹು ಹಳೆಯದು. ದೇವರ ಸೇವೆ, ಗುರುಸೇವೆ, ತಾಯಿತಂದೆಗಳ ಸೇವೆ ಇವೆಲ್ಲ ಮನೆಮನೆಯ ಮಾತುಗಳು. ಕೆರೆಯ ಏರಿ ಬಿರಿದಾಗ ಮನೆಗೊಂದಾಳಿನಂತೆ ಹೋಗಿ ಮಣ್ಣು ಹಾಕುವುದು, ಬೇಸಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆಯನ್ನಿಡುವುದು, ಛತ್ರವನ್ನು ಕಟ್ಟಿಸುವುದು ಇವೂ ನಮಗೆ ಹೊಸವಲ್ಲ. ಹೊಸದಾದುದು ಇಷ್ಟೆ: ಬೇರೆಬೇರೆ ಕಸಬಿನ, ಬೇರೆಬೇರೆ ಜಾತಿಮತಗಳ ಪಟ್ಟಣವಾಸಿಗಳು ಒಂದು ಸಂಘವನ್ನು ಕಟ್ಟಿಕೊಂಡು, ವಾರಕ್ಕೋ ಪಕ್ಷಕ್ಕೋ ಒಮ್ಮೆ ಕಲೆತು, ತಮ್ಮ ಬಿಡುವಿನ ವೇಳೆಯಲ್ಲಿ ಒಂದು ಪಾಲನ್ನು ಊರಿನ ಕೆಲಸಕ್ಕೆ ಮೀಸಲಿಡುವುದು. ರೋಟರಿ, ಲಯನ್ಸ್ ಮೊದಲಾದವು ಈ ಬಗೆಯ ಸೇವಾಸಂಘಗಳು.

ಇವುಗಳ ವಿಷಯದಲ್ಲಿ ನಮ್ಮ ವಿದ್ಯಾವಂತರಲ್ಲಿ ಎರಡು ಅಭಿಪ್ರಾಯಗಳುಂಟು. ಕುರುಡರಿಗೆ ಕಣ್ಣು ಕೊಟ್ಟರು, ಮಕ್ಕಳಿಗೆ ಪುಸ್ತಕ ಕೊಟ್ಟರು ಎಂದು ಕೆಲವರು ಹೊಗಳುತ್ತಾರೆ. ಹಾರ, ಭಾಷಣ, ಊಟ, ಪತ್ರಿಕೆಗೊಂದು ಚಿತ್ರ, ಅಲ್ಲಿಗೆ ಸೇವೆ ಮುಗಿಯಿತು ಎಂದು ಕೆಲವರು ನಗುತ್ತಾರೆ. ಎರಡು ಮಾತಿನಲ್ಲಿಯೂ ನಿಜಾಂಶವಿದೆ. ಆದರೆ ಹೊಗಳಿಕೆಯಿಂದಾಗಲಿ ನಗೆಯಿಂದಾಗಲಿ ನಮಗೆ ಬೇಕಾದ ಉತ್ತರ ದೊರೆಯುವುದಿಲ್ಲ. ಸಂಸಾರ, ಕಚೇರಿ, ವ್ಯಾಪಾರಗಳ ನಡುವೆ ವಾರಕ್ಕೆ ಒಂದು ಗಂಟೆಯನ್ನು ಮಾತ್ರ ಕೊಡಬಲ್ಲವನು ನಿಜವಾಗಿ ಯಾವ ಸೇವೆಯನ್ನು ಮಾಡಬಲ್ಲನು? ಅವನ ಆ ಒಂದು ಗಂಟೆ ಯಾವಾಗ ಸಾರ್ಥಕ, ಯಾವಾಗ ವ್ಯರ್ಥ? ಇಂದಿನ ಭಾಷಣದಲ್ಲಿ ನಾವು ವಿಚಾರಮಾಡತಕ್ಕ ಪ್ರಶ್ನೆ ಇದು.

ಇಂಥ ಸಂಘಗಳಲ್ಲಿ ಮೊದಲನೆಯದೆನಿಸಿದ ರೋಟರಿಯ ಹುಟ್ಟನ್ನು ಸ್ವಲ್ಪ ನೋಡೋಣ. ೧೯೦೫ನೆಯ ಇಸವಿ ಫೆಬ್ರವರಿ ೨೩ರ ಸಂಜೆ, ಅಮೆರಿಕದ ಚಿಕಾಗೋ ನಗರದಲ್ಲಿ ನಾಲ್ವರು ಸೇರಿದರು. ಪಾಲ್ ಹ್ಯಾರಿಸ್ ಎಂಬ ವಕೀಲ, ಒಬ್ಬ ಗಣಿಯ ಇಂಜಿನಿಯರು, ಒಬ್ಬ ಕಲ್ಲಿದ್ದಲಿನ ವರ್ತಕ, ಒಬ್ಬ ಉಡುಪಿನ ವ್ಯಾಪಾರಿ. ಅಷ್ಟು ದೊಡ್ಡ ನಗರದಲ್ಲಿ ಪರಸ್ಪರ ಪರಿಚಯವೂ ಸ್ನೇಹವೂ ಬೇಕೆಂಬುದಷ್ಟೇ ಅವರ ಮೊದಲ ಉದ್ದೇಶವಾಗಿದ್ದಿತು. ಇಂದು ಒಬ್ಬರ ಕಚೇರಿಯಲ್ಲಿ, ಮುಂದೆ ಇನ್ನೊಬ್ಬರ ಕಚೇರಿಯಲ್ಲಿ, ಹೀಗೆ ಸರದಿಯ ಪ್ರಕಾರ ಸೇರುತ್ತಿದ್ದುದರಿಂದ ಸಂಘಕ್ಕೆ ರೋಟರಿ, ಅಂದರೆ ಸುತ್ತಿಬರುವುದು, ಎಂಬ ಹೆಸರಾಯಿತು. ಈ ಸರದಿ ಎಂಬ ಮಾತನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ನಮ್ಮ ವಾದವೆಲ್ಲ ಅದರ ಮೇಲೆಯೇ ನಿಂತಿದೆ.

ಆ ಸಂಘದವರು ಊರಿಗಾಗಿ ಕೈಗೊಂಡ ಮೊದಲನೆಯ ದೊಡ್ಡ ಕೆಲಸ ಯಾವುದು? ದೇವಾಲಯವಲ್ಲ, ಪ್ರತಿಮೆಯಲ್ಲ, ಸಾರ್ವಜನಿಕ ಶೌಚಗೃಹ. ಪೇಟೆಗೆ ಬಂದವರು ದೇಹಬಾಧೆಗೆ ಹೆಂಡದಂಗಡಿಯನ್ನೋ ದೊಡ್ಡ ಮಳಿಗೆಯನ್ನೋ ಹೊಗಬೇಕಾಗಿದ್ದ ಕಾಲ ಅದು. ತಮ್ಮಲ್ಲಿಗೆ ಬರುವ ಗಿರಾಕಿಗಳು ತಪ್ಪಿಹೋಗುವರೆಂದು ಹೆಂಡದ ವ್ಯಾಪಾರಿಗಳೂ ಮಳಿಗೆಗಳವರೂ ಇದನ್ನು ವಿರೋಧಿಸಿದರು. ೧೯೦೭ರಲ್ಲಿ ಆರಂಭವಾದ ಪ್ರಯತ್ನ ಒಂದೆರಡು ವರ್ಷ ಹಿಡಿದು ಕಡೆಗೆ ಫಲಿಸಿತು. ಸಂಘದವರು ಶೌಚಗೃಹವನ್ನು ತಾವೇ ಕಟ್ಟಿ ಹೆಸರು ಕೆತ್ತಿಸಿಕೊಳ್ಳಲಿಲ್ಲ. ನಗರಸಭೆಯು ಮಾಡತಕ್ಕ ಕೆಲಸವನ್ನು ನಗರಸಭೆಯೇ ಮಾಡುವವರೆಗೆ ಇತರ ಸಂಸ್ಥೆಗಳನ್ನೂ ಕೂಡಿಸಿಕೊಂಡು ಬಿಡದೆ ಬೆನ್ನುಹತ್ತಿದರು.

ಅದೇ ೧೯೦೫ನೆಯ ಇಸವಿ ಜೂನ್ ೧೨ರಂದು ಪುಣೆಯಲ್ಲಿ ಗೋಪಾಲಕೃಷ್ಣ ಗೋಖಲೆಯವರು ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಒಂದೇ ವರ್ಷದಲ್ಲಿ ಹುಟ್ಟಿದ ಈ ಎರಡು ಸಂಸ್ಥೆಗಳ ದಾರಿ ಎಷ್ಟು ಬೇರೆ! ಗೋಖಲೆಯವರ ಸಮಾಜವನ್ನು ಸೇರಿದವನು ಸ್ವಂತ ಸಂಪಾದನೆಯ ಆಸೆಯನ್ನು ಬಿಟ್ಟು, ಜೀವನಾಧಾರಕ್ಕೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡು, ತನ್ನ ಆಯುಸ್ಸನ್ನೇ ದೇಶಕ್ಕೆ ಒಪ್ಪಿಸಬೇಕು. ಆ ಮಹನೀಯರ ಆದರ್ಶವೇ ಡಿ. ವಿ. ಗುಂಡಪ್ಪನವರಿಗೆ ಪ್ರೇರಣೆಯಾಗಿ, ೧೯೪೫ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಏರ್ಪಟ್ಟಿತು. ಅಂಥ ವ್ರತ ಎಲ್ಲರಿಗೂ ಸಾಧ್ಯವಲ್ಲ. ಸೇವಾಸಂಘದ ಸದಸ್ಯನು ವ್ರತಿಯಲ್ಲ, ಗೃಹಸ್ಥ. ಅವನು ಕೊಡುವುದು ಆಯುಸ್ಸನ್ನಲ್ಲ, ಒಂದು ಗಂಟೆಯನ್ನು.

ಒಂದು ಗಂಟೆಯ ಸೇವೆ ಕೀಳೆಂದು ನಾವು ಹೇಳುವುದಿಲ್ಲ. ಆದರೆ ಅದಕ್ಕೆ ಅದರದೇ ಆದ ಧರ್ಮವೊಂದುಂಟು. ವ್ರತ ಹಿಡಿದವನು ಬೆಳಗ್ಗೆ ಆರಂಭಿಸಿದುದನ್ನು ಸಂಜೆ ತಾನೇ ಮುಂದುವರಿಸಬಲ್ಲನು. ಗೃಹಸ್ಥನು ತನ್ನ ಗಂಟೆ ಮುಗಿದೊಡನೆ ಏಳಬೇಕು. ಅವನು ಎದ್ದ ಜಾಗದಲ್ಲಿ ಇನ್ನೊಬ್ಬನು ಬಂದು ಕೂತರೆ ಮಾತ್ರ ಕೆಲಸ ನಿಲ್ಲದೆ ನಡೆಯುತ್ತದೆ. ನಲವತ್ತು ಸದಸ್ಯರು ಸರದಿಯಿಂದ ಬಂದರೆ ನಲವತ್ತು ದಿನ ಸೇವೆ ನಡೆದೀತು. ನಲವತ್ತು ಮಂದಿಯೂ ಒಂದೇ ದಿನ ಬಂದರೆ ಅಂದು ಜಾತ್ರೆಯಾಗುತ್ತದೆ. ಉಳಿದ ಮೂವತ್ತೊಂಬತ್ತು ದಿನ ಬಾಗಿಲು ಹಾಕಿರುತ್ತದೆ. ಇದನ್ನು ಮೂರು ಉದಾಹರಣೆಗಳಿಂದ ವಿಶದಪಡಿಸುತ್ತೇವೆ.

ಮೊದಲನೆಯದು ರಕ್ತದಾನ. ರಾಷ್ಟ್ರೀಯ ಹಬ್ಬದ ದಿನವೋ ನಾಯಕರೊಬ್ಬರ ಹುಟ್ಟುಹಬ್ಬದ ದಿನವೋ ಸಂಘಗಳು ರಕ್ತದಾನ ಶಿಬಿರವನ್ನು ನಡೆಸುವುದು ಈಗ ರೂಢಿಯಾಗಿದೆ. ಉತ್ಸಾಹಿಗಳು ಸಾಲುಗಟ್ಟಿ ನಿಂತು ರಕ್ತ ಕೊಡುತ್ತಾರೆ. ಶ್ಲಾಘ್ಯವಾದ ಕಾರ್ಯವೇ ಸರಿ. ಆದರೆ ರಕ್ತವು ಕಣಜದ ಧಾನ್ಯವಲ್ಲ. ಅದರ ಕೆಂಪು ಕಣಗಳನ್ನು, ಬೆರಸುವ ದ್ರಾವಣಕ್ಕೆ ಅನುಸಾರವಾಗಿ, ೩೫ರಿಂದ ೪೨ ದಿನಗಳವರೆಗೆ ಮಾತ್ರ ತಣ್ಣಗೆ ಕಾಪಾಡಬಹುದು. ರಕ್ತವನ್ನು ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು ಸಾಮಾನ್ಯವಾಗಿ ೫ ದಿನಗಳಿಗಿಂತ ಹೆಚ್ಚು ನಿಲ್ಲವು. ಒಮ್ಮೆ ರಕ್ತ ಕೊಟ್ಟ ಗಂಡಸು ಮೂರು ತಿಂಗಳು, ಹೆಂಗಸು ನಾಲ್ಕು ತಿಂಗಳು ಮತ್ತೆ ಕೊಡುವಂತಿಲ್ಲ. ಊರಿನವರೆಲ್ಲ ಒಂದೇ ದಿನ ಕೊಟ್ಟರೆ ಆ ವಾರ ರಕ್ತನಿಧಿಯಲ್ಲಿ ಇಡಲು ಸ್ಥಳವಿರದು; ಒಂದೂವರೆ ತಿಂಗಳ ಮೇಲೆ ಬೇಕಾದಾಗ ಸಿಗದು, ಕೊಡಬಲ್ಲವರೂ ಸಿಗರು. ಥಲಸೀಮಿಯ ಎಂಬ ಹುಟ್ಟುರೋಗವುಳ್ಳ ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಬದುಕಿರುವಷ್ಟು ಕಾಲ, ಅನ್ಯರ ರಕ್ತ ಬೇಕು. ಆ ಮಗುವಿನ ಪಂಚಾಂಗದಲ್ಲಿ ನಮ್ಮ ನಾಯಕರ ಹುಟ್ಟುಹಬ್ಬ ನಮೂದಾಗಿರುವುದಿಲ್ಲ. ಐವತ್ತು ಜನರ ಹೆಸರನ್ನೂ ರಕ್ತದ ಗುಂಪನ್ನೂ ಬರೆದಿಟ್ಟುಕೊಂಡು, ಸರದಿಯಂತೆ ಕೆಲಕೆಲವರನ್ನು ಸದ್ದಿಲ್ಲದೆ ಕಳುಹಿಸುವ ಸಂಘವೊಂದಿದ್ದರೆ, ವರ್ಷಕ್ಕೊಮ್ಮೆ ಐನೂರು ಜನರನ್ನು ಸೇರಿಸುವ ಸಂಘಕ್ಕಿಂತ ಅದು ಮೇಲು.

ಎರಡನೆಯದು ಕಣ್ಣಿನ ಸೇವೆ. ೧೯೧೭ರಲ್ಲಿ ಹುಟ್ಟಿದ ಲಯನ್ಸ್ ಸಂಘಕ್ಕೆ ಈ ದಾರಿಯನ್ನು ತೋರಿಸಿದವರು, ತಾವೇ ಕಣ್ಣೂ ಕಿವಿಯೂ ಇಲ್ಲದ ಹೆಲೆನ್ ಕೆಲರ್ ಅವರು. ೧೯೨೫ರಲ್ಲಿ ಅಮೆರಿಕದ ಒಹಾಯೋ ಪ್ರಾಂತದಲ್ಲಿ ನಡೆದ ಸಮ್ಮೇಳನದಲ್ಲಿ ಅವರು ಅಂಧರ ಪಕ್ಷವಹಿಸಿ ಹೋರಾಡಿರೆಂದು ಕೇಳಿಕೊಂಡರು. ನಮ್ಮ ನಾಡಿನಲ್ಲಿ ಈ ಕಾರ್ಯವೆಂದೊಡನೆ ನೆನಪಿಗೆ ಬರುವ ಹೆಸರು ಡಾಕ್ಟರ್ ಎಂ. ಸಿ. ಮೋದಿಯವರದು. ೨೦೦೫ರಲ್ಲಿ ಕಾಲವಾದ ಆ ಪುಣ್ಯಪುರುಷರು ಊರೂರು ಸಂಚರಿಸಿ, ಸಾಮೂಹಿಕ ಶಿಬಿರಗಳಲ್ಲಿ ಬಡವರ ಕಣ್ಣಿನ ಪೊರೆಯನ್ನು ತೆಗೆದು ಅಸಂಖ್ಯಾತ ಜನಕ್ಕೆ ಬೆಳಕು ಕೊಟ್ಟರು. ಭಾರತ ಸರ್ಕಾರವು ೧೯೬೮ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಇಂಥ ವೈದ್ಯರು ಬಂದಾಗ ಶಾಲೆಯ ಕೊಠಡಿಗಳನ್ನು ತೊಳೆದು ಹಾಸಿಗೆ ಹಾಸುವುದು, ರೋಗಿಗಳನ್ನು ಹಳ್ಳಿಗಳಿಂದ ಕರೆತರುವುದು, ಗಂಜಿ ಕಾಯಿಸುವುದು, ರಾತ್ರಿ ಕಾವಲಿರುವುದು, ಇಷ್ಟಕ್ಕೂ ಸ್ಥಳದ ಜನವೇ ಬೇಕು.

ಆದರೆ ಶಿಬಿರ ಮುಗಿದಲ್ಲಿಗೆ ಸೇವೆ ಮುಗಿಯುತ್ತದೆಯೆ? ಆ ಕಾಲದ ಶಸ್ತ್ರಕ್ರಿಯೆಯಲ್ಲಿ ಮಬ್ಬಾದ ಮಸೂರವನ್ನು ತೆಗೆದುಹಾಕುತ್ತಿದ್ದರು. ಅದರ ಬದಲು ಬೇರೊಂದನ್ನು ಕಣ್ಣಿನೊಳಗೆ ಇಡುತ್ತಿರಲಿಲ್ಲ. ಆದುದರಿಂದ ರೋಗಿಗೆ ಸುಮಾರು ೧೦ ಅಂಶದ ಶಕ್ತಿಯುಳ್ಳ ದಪ್ಪ ಗಾಜಿನ ಕನ್ನಡಕ ಬೇಕಾಗುತ್ತಿತ್ತು. ಆ ಕನ್ನಡಕವೇ ಅವನ ಕಣ್ಣು. ದನ ಮೇಯಿಸುವಾಗ ಅದು ಬಿದ್ದು ಒಡೆದರೆ, ವೈದ್ಯರ ಕೈಚಳಕವೆಲ್ಲ ವ್ಯರ್ಥವಾಗಿ, ಆ ಮುದುಕನು ಮತ್ತೆ ಗೋಡೆ ತಡವಬೇಕು. ಶಿಬಿರ ನಡೆಸಿದವರಲ್ಲಿ ಒಬ್ಬನಾದರೂ ಆರು ತಿಂಗಳ ಮೇಲೆ ಆ ಹಳ್ಳಿಗೆ ಹೋಗಿ, "ಅಜ್ಜ, ಕನ್ನಡಕ ನೆಟ್ಟಗಿದೆಯೆ?" ಎಂದು ಕೇಳಿದರೆ ಆ ದೃಷ್ಟಿ ಉಳಿದೀತು. ಈಗ ಕಣ್ಣಿನೊಳಗೇ ಕೃತಕ ಮಸೂರವನ್ನಿಡುತ್ತಾರೆ. ಕನ್ನಡಕದ ಆ ಗಂಡಾಂತರ ಬಹುಮಟ್ಟಿಗೆ ತಪ್ಪಿದೆ. ಆದರೂ ವಾರಗಟ್ಟಲೆ ಔಷಧದ ಹನಿ ಹಾಕಬೇಕು, ಕಣ್ಣು ಕೆಂಪಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಒಂಟಿ ಮುದುಕಿಗೆ ಇದನ್ನು ಮಾಡುವವರು ಯಾರು? ಇಲ್ಲಿಯೂ ಬೇಕಾದುದು ಎರಡನೆಯ ಭೇಟಿ.

ಮೂರನೆಯದು ಪೋಲಿಯೋ ರೋಗದ ಕಥೆ. ೧೯೮೫ರಲ್ಲಿ ರೋಟರಿಯವರು ಈ ರೋಗವನ್ನು ನಿರ್ಮೂಲಮಾಡುವ ಸಂಕಲ್ಪ ಕೈಗೊಂಡರು. ೧೯೮೮ರಲ್ಲಿ ಜಗತ್ತಿನ ಸರ್ಕಾರಗಳೂ ಆರೋಗ್ಯ ಸಂಸ್ಥೆಗಳೂ ಅದಕ್ಕೆ ಕೈಜೋಡಿಸಿದಾಗ, ವರ್ಷಕ್ಕೆ ಸುಮಾರು ೩,೫೦,೦೦೦ ಜನ, ಬಹುಪಾಲು ಮಕ್ಕಳೇ, ಇದರಿಂದ ಕೈಕಾಲಿನ ಸ್ವಾಧೀನ ಕಳೆದುಕೊಳ್ಳುತ್ತಿದ್ದರೆಂದು ಅಂದಾಜು. ನಮ್ಮ ದೇಶದಾದ್ಯಂತ ಪಲ್ಸ್ ಪೋಲಿಯೋ ಕಾರ್ಯ ೧೯೯೫ರಲ್ಲಿ ಮೊದಲಾಯಿತು. ಲಸಿಕೆಯೂ ಹಣದ ಬಹುಭಾಗವೂ ಸರ್ಕಾರದವು. ಬಿಸಿಲಿನಲ್ಲಿ ನಡೆದವರಲ್ಲಿ ಹೆಚ್ಚಿನವರು ಅಂಗನವಾಡಿಯ ಮತ್ತು ಆರೋಗ್ಯ ಇಲಾಖೆಯ ಹೆಣ್ಣುಮಕ್ಕಳು. ಈ ಮಾತನ್ನು ಮರೆತರೆ ಕೃತಘ್ನರಾಗುತ್ತೇವೆ. ಸಂಘಗಳವರು ಅವರ ಜೊತೆಗಿದ್ದು, ಜನರನ್ನು ಒಡಂಬಡಿಸಿ, ಬೇಕಾದೆಡೆ ವಾಹನ, ಅನ್ನ, ಹಣಗಳನ್ನು ಒದಗಿಸಿದರು.

ಈ ಕಾರ್ಯದಲ್ಲಿ ಒಂದು ಸಣ್ಣ ಏರ್ಪಾಡಿತ್ತು. ಮನೆಮನೆಗೆ ಹೋದ ತಂಡವು, ಮಕ್ಕಳೆಲ್ಲರಿಗೂ ಹನಿ ಹಾಕಿದ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಇಂಗ್ಲಿಷಿನ ‘ಪಿ’ ಅಕ್ಷರವನ್ನು ಬರೆಯುವುದು; ಮಗು ಮಲಗಿದ್ದರೆ, ಅಜ್ಜಿಯ ಊರಿಗೆ ಹೋಗಿದ್ದರೆ, ತಂದೆ ಒಲ್ಲೆನೆಂದರೆ, ‘ಎಕ್ಸ್’ ಅಕ್ಷರವನ್ನು ಬರೆಯುವುದು. ಆಮೇಲೆ ‘ಎಕ್ಸ್’ ಬರೆದ ಮನೆಗಳಿಗೇ ಮತ್ತೆ ಹೋಗುವುದು. ಒಪ್ಪದಿದ್ದರೆ ಆ ಕೇರಿಯಲ್ಲಿ ಗೌರವವುಳ್ಳ ಹಿರಿಯರನ್ನೋ ಮೌಲ್ವಿಗಳನ್ನೋ ಕರೆದುಕೊಂಡು ಇನ್ನೊಮ್ಮೆ ಹೋಗುವುದು. ಇಟ್ಟಿಗೆಗೂಡಿನ ಕೂಲಿಗಳು, ಅಲೆಮಾರಿಗಳು, ರೈಲು ನಿಲ್ದಾಣದ ಪ್ರಯಾಣಿಕರು ಯಾರ ಮಕ್ಕಳನ್ನೂ ಬಿಡದೆ ಹುಡುಕುವುದು. ೨೦೦೯ರಲ್ಲಿ ದೇಶದಲ್ಲಿ ೭೪೧ ಪ್ರಕರಣಗಳಿದ್ದವು, ೨೦೧೦ರಲ್ಲಿ ೪೨, ೨೦೧೧ರಲ್ಲಿ ಒಂದೇ ಒಂದು. ಆ ವರ್ಷದ ಜನವರಿ ೧೩ರಂದು ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಕೂಸಿನಲ್ಲಿ ರೋಗ ಕಾಣಿಸಿತು. ಸ್ವಾಭಾವಿಕ ವಿಷಾಣುವಿನಿಂದ ಬಂದ ಪೋಲಿಯೋ ನಮ್ಮ ದೇಶದಲ್ಲಿ ಅದೇ ಕಡೆಯದು. ೨೦೧೪ರ ಮಾರ್ಚ್ ೨೭ರಂದು ನಮ್ಮ ದೇಶವು ಪೋಲಿಯೋಮುಕ್ತವೆಂದು ಪ್ರಮಾಣಪತ್ರ ದೊರೆಯಿತು.

ಈ ಜಯವು ಯಾರಿಂದ ಬಂದಿತು? ‘ಪಿ’ ಬರೆದ ಲಕ್ಷಾಂತರ ಮನೆಗಳಿಂದಷ್ಟೇ ಅಲ್ಲ. ‘ಎಕ್ಸ್’ ಬರೆದ ಮನೆಗೆ ಮತ್ತೊಮ್ಮೆ ಹೋಗಿ ಬಾಗಿಲು ತಟ್ಟಿದುದರಿಂದ ಬಂದಿತು. ಹೊಗಳಿಕೆ ಸಿಕ್ಕುವುದು ಮೊದಲನೆಯ ಭೇಟಿಗೆ. ಫಲ ಸಿಕ್ಕುವುದು ಎರಡನೆಯದಕ್ಕೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಬಾಗಿಲು ತೆರೆದು ಒಳಮನೆಗೆ ಹೋಗಿ, ತಾಯಿಯ ಹತ್ತಿರ ಕೂತು ಮಾತನಾಡಬಲ್ಲವರು ಹೆಂಗಸರು. ಅಂಥವರನ್ನು ರೋಟರಿ ಬಹುಕಾಲ ಸದಸ್ಯರನ್ನಾಗಿ ಸೇರಿಸಿಕೊಳ್ಳಲಿಲ್ಲ. ೧೯೮೭ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತ ಮೇಲೆ, ೧೯೮೯ರಲ್ಲಿ ಆ ಸಂಸ್ಥೆ ತನ್ನ ನಿಯಮವನ್ನು ತಿದ್ದಿಕೊಂಡಿತು. ಊರಿನ ಅರ್ಧ ಜನವನ್ನು ಹೊರಗಿಟ್ಟು ಊರಿನ ಸೇವೆಯನ್ನು ಮಾಡುತ್ತೇವೆಂಬುದು ಒಂದು ಎತ್ತಿನಿಂದ ಗಾಡಿ ಹೂಡಿದಂತೆ. ನಿಯಮ ತಿದ್ದಿದರೆ ಸಾಲದು; ಸಭೆಯಲ್ಲಿ ಆರತಿ ಬೆಳಗಲು, ಹೂಗುಚ್ಛ ಕೊಡಲು ಮಾತ್ರ ಹೆಂಗಸರನ್ನು ಕರೆಯುವ ಅಭ್ಯಾಸವೂ ಹೋಗಬೇಕು.

ಇದೆಲ್ಲ ಸರ್ಕಾರದ ಕರ್ತವ್ಯವಲ್ಲವೆ, ನಮಗೇಕೆ ಎಂದು ಕೇಳುವವರುಂಟು. ಸರ್ಕಾರದ ಕರ್ತವ್ಯವೆಂಬುದು ದಿಟ. ಸಂಘಗಳು ಸರ್ಕಾರದ ಸ್ಥಾನವನ್ನು ಆಕ್ರಮಿಸಬೇಕೆಂದು ನಾವು ಹೇಳುತ್ತಿಲ್ಲ. ಅಷ್ಟು ಶಕ್ತಿ ಅವಕ್ಕಿಲ್ಲ. ಆಸ್ಪತ್ರೆಯನ್ನು ಸರ್ಕಾರ ಕಟ್ಟೀತು, ಲಸಿಕೆಯನ್ನು ತರಿಸೀತು. ಆದರೆ ಯಾವ ಸಂದಿಯ ಯಾವ ಮನೆಯಲ್ಲಿ ಒಂಟಿ ಮುದುಕಿ ಇದ್ದಾಳೆ, ಯಾವ ಮಗು ಶಾಲೆ ಬಿಟ್ಟಿದೆ, ಯಾವ ನಲ್ಲಿಯಲ್ಲಿ ನೀರು ನಿಂತು ತಿಂಗಳಾಯಿತು ಎಂಬುದು ಕಚೇರಿಯ ಕಡತಕ್ಕಿಂತ ಮೊದಲು ನೆರೆಯವನಿಗೆ ತಿಳಿಯುತ್ತದೆ. ಆ ತಿಳಿವಳಿಕೆಯೇ ನೆರೆಯವನ ಬಂಡವಾಳ. ಅದನ್ನು ಕೊಡುವುದು, ಕೆಲಸ ಆಗುವವರೆಗೆ ಚಿಕಾಗೋ ನಗರದವರಂತೆ ಬಿಡದೆ ಕೇಳುವುದು, ಇದು ಸಂಘದ ಪಾಲಿನ ಕರ್ತವ್ಯ.

ನಾವು ಆರಂಭಶೂರರು ಎಂಬ ಅಪಖ್ಯಾತಿ ನಮಗೆ ಹಿಂದಿನಿಂದಲೂ ಇದೆ. ಅದಕ್ಕೆ ಪ್ರತಿಯಾಗಿ ಒಂದು ಸುಲಭವಾದ ಉಪಾಯವನ್ನು ಸೂಚಿಸಿ ಈ ಭಾಷಣವನ್ನು ಮುಗಿಸುತ್ತೇವೆ. ಪ್ರತಿಯೊಂದು ಸಂಘವೂ ಒಂದು ಪುಸ್ತಕವನ್ನಿಡಲಿ. ಅದರಲ್ಲಿ ನಾಲ್ಕೇ ಕಲಮುಗಳಿರಲಿ: ಯಾರ ಮನೆ, ಏನು ಮಾಡಿದೆವು, ಮತ್ತೆ ಹೋಗತಕ್ಕ ದಿನ ಯಾವುದು, ಹೋಗುವ ಸರದಿ ಯಾರದು. ಸಭೆಯಲ್ಲಿ ಹಿಂದಿನ ವಾರದ ಸಮಾರಂಭದ ವರದಿಯನ್ನು ಓದುವ ಮೊದಲು, ಈ ಪುಸ್ತಕದ ಕಡೆಯ ಎರಡು ಕಲಮುಗಳನ್ನು ಓದಲಿ. ಯಾರ ಸರದಿ ತಪ್ಪಿತೆಂದು ಕೂಗಿ ಹೇಳಬೇಕಾಗಿಲ್ಲ, ಓದಿದರೆ ಸಾಕು. ಸಂಘಕ್ಕೆ ಸೇರದಿರುವ ಶ್ರೋತೃಗಳೂ ಒಂದು ಮನೆಯನ್ನು ಹೀಗೆ ಗೊತ್ತುಮಾಡಿಕೊಳ್ಳಬಹುದು. ಈಗಾಗಲೇ ಒಮ್ಮೆ ಉಪಕಾರ ಮಾಡಿ, ಆಮೇಲೆ ನಾವು ಮರೆತ ಮನೆ ಯಾವುದೆಂದು ಇಂದು ರಾತ್ರಿ ಯೋಚಿಸಿ, ನಾಳೆ ಅಲ್ಲಿಗೆ ಹೋಗಿಬರೋಣ.