ಕಿತ್ತ ಮೇಲೂ ಉಸಿರಾಡುವ ಮಾವು

ಮೇ ತಿಂಗಳು ಬಂತೆಂದರೆ ಶ್ರೀನಿವಾಸಪುರದ ಮಂಡಿಗಳಲ್ಲಿ ಬಾದಾಮಿ, ತೋತಾಪುರಿ, ಬೇನಿಷಾ ರಾಶಿ ಬೀಳುತ್ತವೆ. ರಾಶಿಯೊಳಗೆ ಕೈ ತೂರಿಸಿದರೆ ಬೆಚ್ಚಗಿರುತ್ತದೆ. ಅದು ಬರೀ ಬಿಸಿಲಿನ ಕಾವಲ್ಲ. ಕಿತ್ತ ಕಾಯಿಗೆ ಮರದಿಂದ ನೀರು, ಆಹಾರ ಬರುವುದು ನಿಂತರೂ ಅದರ ಜೀವಕೋಶಗಳು ಸತ್ತಿರುವುದಿಲ್ಲ. ಕೂಡಿಟ್ಟ ಸಕ್ಕರೆಯನ್ನೇ ಒಡೆದು ಬದುಕುತ್ತವೆ, ಇದೇ ಅವುಗಳ ಉಸಿರಾಟ. ಹೊರಬಂದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಶಾಖವಾಗಿ ಹೋಗುತ್ತದೆ.

ಉಳಿದದ್ದು ಎಟಿಪಿ ಎಂಬ ಅಣುವಿನಲ್ಲಿ ಸೇರುತ್ತದೆ. 1929ರಲ್ಲಿ ಇದನ್ನು ಜರ್ಮನಿಯಲ್ಲಿ ಕಾರ್ಲ್ ಲೋಮನ್, ಹಾರ್ವರ್ಡ್‌ನಲ್ಲಿ ಫಿಸ್ಕೆ ಮತ್ತು ಯಲ್ಲಾಪ್ರಗಡ ಸುಬ್ಬರಾವ್ ಬೇರೆ ಬೇರೆಯಾಗಿ ಕಂಡುಹಿಡಿದರು. ಸುಬ್ಬರಾವ್ ನೆರೆಯ ಆಂಧ್ರದ ಭೀಮಾವರದವರು. ನಮ್ಮ ಪಠ್ಯಗಳಲ್ಲಿ ಅವರ ಹೆಸರು ಇನ್ನೂ ದೊಡ್ಡದಾಗಿ ಬರಬೇಕಿತ್ತು.

ಗ್ಲೂಕೋಸ್ ಮೊದಲು ಹತ್ತು ಹಂತಗಳಲ್ಲಿ ಒಡೆದು ಎರಡು ಪೈರುವೇಟ್ ಆಗುತ್ತದೆ. ಲಾಭ ಎರಡೇ ಎಟಿಪಿ. ಆಮ್ಲಜನಕ ಇದ್ದರೆ ಪೈರುವೇಟ್ ಮೈಟೊಕಾಂಡ್ರಿಯದೊಳಗೆ ಹೋಗಿ, ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ವಿವರಿಸಿದ ಚಕ್ರಕ್ಕೆ ಸಿಕ್ಕಿ, ಕೊನೆಗೆ ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾಗುತ್ತದೆ. ಆಗ ಒಟ್ಟು ಎಟಿಪಿ ಸುಮಾರು 30.

ಆಮ್ಲಜನಕ ಇಲ್ಲದಿದ್ದರೆ? ಮುಳಬಾಗಿಲು ದೋಸೆಯ ಹಿಟ್ಟು ನೋಡಿ. ರಾತ್ರಿ ರುಬ್ಬಿಟ್ಟ ಅಕ್ಕಿ-ಉದ್ದಿನ ಹಿಟ್ಟಿನಲ್ಲಿ ಲ್ಯೂಕೊನೊಸ್ಟಾಕ್ ಬ್ಯಾಕ್ಟೀರಿಯಾ ಬೇರೊಂದು ದಾರಿಯಲ್ಲಿ ಸಕ್ಕರೆ ಒಡೆಯುತ್ತದೆ. ಒಂದು ಗ್ಲೂಕೋಸ್‌ಗೆ ಸಿಗುವುದು ಒಂದೇ ಎಟಿಪಿ. ಲ್ಯಾಕ್ಟಿಕ್ ಆಮ್ಲದಿಂದ ಹುಳಿ ಬರುತ್ತದೆ, ಇಂಗಾಲದ ಡೈ ಆಕ್ಸೈಡ್‌ನಿಂದ ಹಿಟ್ಟು ಉಬ್ಬುತ್ತದೆ. ಹುದುಗು ಬಂದರೆ ದೋಸೆಗೆ ರುಚಿ. ಗಾಳಿಯಾಡದಂತೆ ತುರುಕಿಟ್ಟ ಮಾವಿಗೆ ಅದೇ ಕೇಡು: ಸಕ್ಕರೆ ಮದ್ಯಸಾರವಾಗಿ ಹಣ್ಣಿಗೆ ಹೆಂಡದ ವಾಸನೆ ಹತ್ತುತ್ತದೆ.

ಮಾವು ಮಾಗುವಾಗ ಉಸಿರಾಟ ಒಮ್ಮೆಲೇ ಏರುತ್ತದೆ. ಕಾಯಿಯೇ ಬಿಡುವ ಎಥಿಲೀನ್ ಅನಿಲ ಅದಕ್ಕೆ ಚಾಲನೆ ಕೊಡುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ. ಕಾರ್ಬೈಡ್‌ನಿಂದ ಹೊರಡುವ ಅಸಿಟಿಲೀನ್ ಈ ಎಥಿಲೀನನ್ನೇ ಅನುಕರಿಸುತ್ತದೆ. ಬಲಿಯದ ಕಾಯಿಗೆ ಅದರಿಂದ ಸಿಪ್ಪೆಯ ಬಣ್ಣ ಬರುತ್ತದೆ, ಸಿಹಿ ಬರುವುದಿಲ್ಲ. ಹಣ್ಣು ಮಾಗಿಸಲು ಕಾರ್ಬೈಡ್ ಬಳಸುವುದಕ್ಕೆ ಕಾನೂನಿನ ನಿಷೇಧವಿದೆ, ಎಥಿಲೀನ್‌ಗೆ ಅನುಮತಿ ಇದೆ.

ಉಷ್ಣಾಂಶ 10 ಡಿಗ್ರಿ ಹೆಚ್ಚಿದರೆ ಉಸಿರಾಟ ಎರಡು ಮೂರು ಪಟ್ಟಾಗುತ್ತದೆ. ಕೋಲಾರದ ಮಾರುಕಟ್ಟೆಗೆ ಬರುವ ಟೊಮ್ಯಾಟೊಗೂ, ಮಾಲೂರಿನ ತರಕಾರಿಗೂ ಇದೇ ಲೆಕ್ಕ. ಹಾಗೆಂದು ಮಾವನ್ನು ಐಸ್‌ನಲ್ಲಿ ಇಡುವಂತಿಲ್ಲ, ಬಲಿತ ಕಾಯಿಗೆ ಸುಮಾರು 13 ಡಿಗ್ರಿ ಸಾಕು. ಶೀತಲಗೃಹ ದೂರವಿದ್ದರೂ ಬೆಳಿಗ್ಗೆ ತಂಪಿನಲ್ಲೇ ಕೊಯ್ದು, ಕ್ರೇಟುಗಳನ್ನು ನೆರಳಿನಲ್ಲಿ ಗಾಳಿಯಾಡುವಂತೆ ಜೋಡಿಸಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ.