ಬಹುಮಾನದ ಪುಸ್ತಕ, ಮಗುವಿನ ಅಭಿಪ್ರಾಯ

(ಪಾಲಕರ ಸಭೆಯಲ್ಲಿ ಆಡಿದ ಮಾತುಗಳು)



ಸೊಲ್ಲಾಪುರ, ಅಕ್ಕಲಕೋಟ ಭಾಗದ ನಮ್ಮ ಮನೆಗಳಲ್ಲಿ ಕನ್ನಡ ಮಾತಿಗೆ ಬರವಿಲ್ಲ. ಬರವಿರುವುದು ಕನ್ನಡ ಪುಸ್ತಕಕ್ಕೆ. ಬಾಲಭಾರತಿಯ ಪಠ್ಯಪುಸ್ತಕ ಬಿಟ್ಟರೆ ಬೇರೆ ಕನ್ನಡ ಪುಸ್ತಕ ಕೈಯಲ್ಲಿ ಹಿಡಿಯದ ಮಕ್ಕಳು ನನ್ನ ವರ್ಗದಲ್ಲಿಯೇ ಇದ್ದಾರೆ. ಆ ಬಗ್ಗೆ ಇಂದು ಎರಡು ಮಾತು ಆಡುತ್ತೇನೆ.

ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಪ್ರತಿವರ್ಷ 24 ಭಾಷೆಗಳಿಗೆ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡದಲ್ಲಿ ಮೊದಲ ಪುರಸ್ಕಾರ ಗಾಂಧೀಜಿಯ ಬದುಕನ್ನು ಮಕ್ಕಳಿಗೆ ಹೇಳಿದ ಬೊಳುವಾರು ಮಹಮದ್ ಕುಂಞಿ ಅವರಿಗೆ ಸಂದಿತು. 2011ರಲ್ಲಿ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’, 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ ಈ ಗೌರವ ಪಡೆದವು. ಗಮನಿಸಿರಿ, ಈ ಪುರಸ್ಕಾರ ಭಾಷೆಗೆ ಕೊಡುವಂಥದು, ರಾಜ್ಯಕ್ಕಲ್ಲ. ಆದ್ದರಿಂದ ಗಡಿಯ ಈಚೆ ಕನ್ನಡ ಓದುವ ನಮ್ಮ ಮಕ್ಕಳಿಗೂ ಈ ಪುಸ್ತಕಗಳು ಸೇರಿದವು.

ಮೊದಲು ನಾನೇ ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಒಂದು ಪುಸ್ತಕ ಓದಿಸಿ, ‘ಅಭಿಪ್ರಾಯ ಬರೆಯಿರಿ’ ಎಂದೆ. ಮಕ್ಕಳು ಸುಮ್ಮನೆ ಕುಳಿತಾಗ ‘ಈ ಪುಸ್ತಕವು ಬಹಳ ಚೆನ್ನಾಗಿದೆ’ ಎಂದು ಫಲಕದ ಮೇಲೆ ಬರೆದೆ. ಎಲ್ಲ ವಹಿಗಳಲ್ಲೂ ಅದೇ ವಾಕ್ಯ ಬಂತು! ಅದು ಮಕ್ಕಳ ಅಭಿಪ್ರಾಯವಲ್ಲ, ನನ್ನ ಅಕ್ಷರದ ನಕಲು.

ಮರುವಾರದಿಂದ ಬರೆಸುವುದನ್ನು ಬಿಟ್ಟು ಮಾತಾಡಿಸಿದೆ. ‘ಬಾವಲಿ ಗುಹೆ’ ಎಂಬ ಹೆಸರು ಕೇಳಿ ಒಬ್ಬ ಹುಡುಗಿ, “ಸರ್, ಗವಿಯೊಳಗ ಬಾಹುಲಿ ಯಾರು ಇಟ್ಟಾರ್ರಿ?” ಎಂದಳು. ಮರಾಠಿಯಲ್ಲಿ ಬಾಹುಲಿ ಎಂದರೆ ಗೊಂಬೆ. ಎಲ್ಲರೂ ನಕ್ಕೆವು. ಆದರೆ ಎರಡು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಅದನ್ನು ತಪ್ಪೆಂದು ಗದರಿಸಿದ್ದರೆ ಆಕೆ ಮತ್ತೆ ಬಾಯಿ ತೆರೆಯುತ್ತಿರಲಿಲ್ಲ.

ಶರಾವತಿಯ ಮುಳುಗಡೆಯ ಮಾತು ಬಂದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ನಮ್ಮ ಅಜ್ಜಿ ತವರೂರೂ ಉಜನಿ ನೀರಾಗ ಹೋಗೈತ್ರಿ” ಎಂದ. ಮಲೆನಾಡಿನ ನದಿ ನಮ್ಮ ಭೀಮೆಗೆ ಬಂದು ಕೂಡಿತು. ಪಾಠದಲ್ಲಿ ಹಿಂದೆ ಎನಿಸಿಕೊಂಡ ಆ ಹುಡುಗ ಅಂದು ಹದಿನೈದು ನಿಮಿಷ ಮಾತಾಡಿದ.

ಇನ್ನೊಬ್ಬ, “ನಡುವ ನನಗ ಬ್ಯಾಸರ ಬಂತ್ರಿ” ಎಂದ. ಪ್ರಶಸ್ತಿ ಬಂದ ಪುಸ್ತಕಕ್ಕೆ ಹೀಗೆನ್ನುವುದೇ ಎಂದು ನನಗೆ ಸಿಟ್ಟು ಬಂತು. ಆಮೇಲೆ ಹೊಳೆಯಿತು: ಬೇಸರ ಬರಬೇಕಾದರೂ ಅವನು ನಡುವಿನತನಕ ಓದಿರಬೇಕಲ್ಲ! ಹಿರಿಯರು ಪ್ರಶಸ್ತಿ ಕೊಟ್ಟಿದ್ದಾರೆ. ಮಗುವಿನ ತೀರ್ಪು ಬೇರೆ ಇದ್ದರೆ ಇರಲಿ. ಏಕೆ ಬೇಸರವಾಯಿತೆಂದು ಹೇಳಲು ಕಲಿಯುವುದೇ ದೊಡ್ಡ ಪಾಠ.

ಪಾಲಕರೇ, ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. ಅದನ್ನು ಕೇಳಿ ಪಡೆಯೋಣ, ಬಿಡುವುದು ಬೇಡ. ಆದರೆ ಪರೀಕ್ಷೆಗೆ ಮಾತ್ರ ಉಪಯೋಗವಾಗುವ ಭಾಷೆಯನ್ನು ಮಗು ಪರೀಕ್ಷೆ ಮುಗಿದ ದಿನವೇ ಬಿಡುತ್ತದೆ. ಓದಿ ನಕ್ಕ, ಅತ್ತ, ವಾದ ಮಾಡಿದ ಭಾಷೆಯನ್ನು ಬಿಡಲಾರದು.

ನನ್ನ ಬೇಡಿಕೆ ಸಣ್ಣದು. ವಿಜಯಪುರಕ್ಕೋ ಕಲಬುರಗಿಗೋ ಹೋದಾಗ ಒಂದು ಮಕ್ಕಳ ಪುಸ್ತಕ ತನ್ನಿರಿ. ನಾಲ್ಕು ಮನೆಯವರು ಕೂಡಿ ಕೊಂಡರೂ ಸರಿ. ರಾತ್ರಿ ಊಟವಾದ ಮೇಲೆ ಮಗು ಓದಲಿ, ನೀವು ಕೇಳಿರಿ. ನಿಮಗೆ ಓದಲು ಬಾರದಿದ್ದರೂ ಅಡ್ಡಿಯಿಲ್ಲ, ಕೇಳಲು ಬರುತ್ತದಲ್ಲ! ‘ಎಷ್ಟು ಪುಟ ಆಯಿತು?’ ಎನ್ನಬೇಡಿರಿ. ‘ನಿನಗೇನು ಅನಿಸಿತು?’ ಎನ್ನಿರಿ. ಮಗು ಏನೇ ಹೇಳಲಿ, ಪೂರ್ತಿ ಕೇಳಿಸಿಕೊಳ್ಳಿರಿ.